ಲೈಟ್ ಹಾಕಿದರೆ ಸ್ವಿಚ್ ಬಿಸಿಯಾಗುತ್ತದೆ, ಯಾವ ರಿಲೇ ಬೇಕು?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಹಳೆಯ ಡೀಸೆಲ್ ಜೀಪಿಗೆ 55 ವಾಟಿನ ಎರಡು ಹ್ಯಾಲೊಜನ್ ಲೈಟ್ ಹೆಚ್ಚುವರಿಯಾಗಿ ಹಾಕಿಸಿದ್ದೇನೆ. ಸ್ವಲ್ಪ ಹೊತ್ತು ಉರಿಸಿದರೆ ಡ್ಯಾಶ್‌ಬೋರ್ಡಿನ ಸ್ವಿಚ್ ಮುಟ್ಟಲಾಗದಷ್ಟು ಬಿಸಿ. ಒಂದು ಸ್ವಿಚ್ ಆಗಲೇ ಕರಗಿತು. ಬೆಳಕೂ ಮಂಕು. ರಿಲೇ ಹಾಕಿ ಅಂತಾರೆ. ಎಂಥದ್ದು ತೆಗೆದುಕೊಳ್ಳಬೇಕು ಸರ್?

ಉತ್ತರ: ರಿಲೇ ಹಾಕುವವರೆಗೆ ದಯವಿಟ್ಟು ಆ ಲೈಟ್ ಉರಿಸಬೇಡಿ. ಇಂದು ಸ್ವಿಚ್ ಕರಗಿದೆ, ನಾಳೆ ವಯರ್ ಹೊತ್ತಿಕೊಳ್ಳಬಹುದು.

ಲೆಕ್ಕ ನೋಡಿ. ಎರಡೂ ಸೇರಿ 110 ವಾಟ್. 12 ವೋಲ್ಟಿಗೆ ಭಾಗಿಸಿದರೆ ಸುಮಾರು 9 ಆಂಪಿಯರ್. ಅಷ್ಟು ಕರೆಂಟು ಈಗ ಬ್ಯಾಟರಿಯಿಂದ ಸಣ್ಣ ವಯರಿನಲ್ಲಿ ಡ್ಯಾಶ್‌ಬೋರ್ಡಿಗೆ ಬಂದು, ಚಿಕ್ಕ ಸ್ವಿಚ್ ದಾಟಿ, ಮತ್ತೆ ಮುಂದಕ್ಕೆ ಹೋಗುತ್ತಿದೆ. ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10 ಕಡಿಮೆಯಾದರೆ ಬೆಳಕು ಸುಮಾರು 30 ಕಡಿಮೆಯಾಗುತ್ತದೆ. ನಿಮ್ಮ ಮಂಕು ಬೆಳಕಿಗೂ ಕರಗಿದ ಸ್ವಿಚ್ಚಿಗೂ ಕಾರಣ ಒಂದೇ.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ. ಅದಿದ್ದರೆ ಡ್ಯಾಶ್‌ಬೋರ್ಡಿನ ಸ್ವಿಚ್ ಬರೀ ಅಪ್ಪಣೆ ಕೊಡುತ್ತದೆ, ಲೈಟಿನ ಕರೆಂಟು ರಿಲೇ ಮೂಲಕ ಹೋಗುತ್ತದೆ. ರಿಲೇಯ ಕಾಯಿಲಿಗೆ, ಅಂದರೆ ಅದನ್ನು ಆನ್ ಮಾಡುವ ಒಳಗಿನ ತಂತಿಸುರುಳಿಗೆ, ಬೇಕಾದದ್ದು 0.2 ಆಂಪಿಯರಿನಷ್ಟು, ಅಷ್ಟೆ.

ಅಂಗಡಿಯಲ್ಲಿ 12 ವೋಲ್ಟ್, 30 ಆಂಪಿಯರ್, 4 ಪಿನ್ ರಿಲೇ ಕೇಳಿ, ಸಾಕೆಟ್ ಸಮೇತ. ಲಾರಿಯ 24 ವೋಲ್ಟಿನದು ಕೊಟ್ಟರೆ ಬೇಡ. 9 ಆಂಪಿಯರಿಗೆ 30 ಜಾಸ್ತಿಯಲ್ವಾ ಅನ್ನಿಸಬಹುದು. ತಣ್ಣಗಿರುವ ಹ್ಯಾಲೊಜನ್ ಬಲ್ಬ್ ಹೊತ್ತುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅದಕ್ಕೆ ಆ ಅಂತರ ಬೇಕು.

ಪಿನ್‌ಗಳ ಪಕ್ಕ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್, 87ರಿಂದ ಲೈಟಿಗೆ, 86ಕ್ಕೆ ಸ್ವಿಚ್ಚಿನಿಂದ, 85 ಬಾಡಿಗೆ ಅರ್ತ್. 5 ಪಿನ್ನಿನದೇ ಸಿಕ್ಕಿದರೆ ನಡುವಿನ 87ಎ ಖಾಲಿ ಬಿಡಿ. ಲೈಟಿನ ವಯರ್ ಅಲ್ಲಿಗೆ ಹೋದರೆ ಸ್ವಿಚ್ ಆಫ್ ಇದ್ದಾಗಲೇ ಲೈಟ್ ಉರಿಯುತ್ತದೆ. ಸ್ವಿಚ್ಚಿಗೆ ಪ್ಲಸ್ ಹೈಬೀಮಿನಿಂದ ಕೊಟ್ಟರೆ, ಎದುರು ಗಾಡಿ ಬಂದಾಗ ಡಿಮ್ ಮಾಡಿದ ಕೂಡಲೇ ಈ ಲೈಟುಗಳೂ ಆರುತ್ತವೆ. ರಾತ್ರಿ ಮುಳ್ಳೇರಿಯ ಕಡೆಯ ತಿರುವುಗಳಲ್ಲಿ ಇದು ಎದುರಿನವರ ಜೀವದ ಪ್ರಶ್ನೆ.

ಫ್ಯೂಸ್ ವಿಷಯ ಒತ್ತಿ ಹೇಳುತ್ತೇನೆ. ರಿಲೇ ಗಾಡಿಯನ್ನು ಕಾಪಾಡುವುದಿಲ್ಲ, ಫ್ಯೂಸ್ ಕಾಪಾಡುತ್ತದೆ. 15 ಆಂಪಿಯರಿನದು ಸಾಕು. ಬ್ಯಾಟರಿಯಿಂದ ಒಂದು ಗೇಣಿನ ಒಳಗೆ ಇರಬೇಕು. ನನ್ನ ಕೈಗೆ ಬಂದ ಒಂದು ಜೀಪಿನಲ್ಲಿ ಫ್ಯೂಸನ್ನು ಲೈಟಿನ ಹತ್ತಿರ ಹಾಕಿದ್ದರು. ನಡುವೆ ವಯರ್ ಬಾನೆಟ್ಟಿನ ಅಂಚಿಗೆ ಉಜ್ಜಿ ಶಾರ್ಟ್ ಆಗಿ ಇಡೀ ವಯರಿಂಗ್ ಸುಟ್ಟುಹೋಗಿತ್ತು. ಫ್ಯೂಸ್ ಮಾತ್ರ ಹಾಗೇ ಇತ್ತು.

ಬ್ಯಾಟರಿಯಿಂದ ಲೈಟಿನವರೆಗೆ 2.5 ಚದರ ಮಿ.ಮೀ. ತಾಮ್ರದ ವಯರ್ ಇರಲಿ. ಸ್ವಿಚ್ಚಿನ ವಯರ್ ಸಣ್ಣದಾದರೂ ಪರವಾಗಿಲ್ಲ. ಅರ್ತ್ ಬಿಗಿಯುವ ಜಾಗದ ಪೇಂಟ್ ಕೆರೆದು ಲೋಹ ಕಾಣಿಸಬೇಕು.

ನಮ್ಮ ಕಡೆಯ ಮಳೆಗಾಲ ಗೊತ್ತಲ್ವಾ, ರಿಲೇಯ ಪಿನ್‌ಗಳು ಕೆಳಮುಖವಾಗಿರಲಿ. ಮೇಲ್ಮುಖವಾಗಿದ್ದರೆ ಸಾಕೆಟ್ಟಿನಲ್ಲಿ ನೀರು ನಿಂತು ಪಿನ್ ಹಸಿರುಗಟ್ಟುತ್ತದೆ. ಆಮೇಲೆ ಟಕ್ ಅನ್ನುವ ಸದ್ದು ಬರುತ್ತದೆ, ಲೈಟ್ ಬರುವುದಿಲ್ಲ.

ಹೆಚ್ಚುವರಿ ಲೈಟಿಗೆ ಕೇರಳದ ರಸ್ತೆಗಳಲ್ಲಿ ದಂಡ ಬೀಳಬಹುದು. ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಹತ್ತು ನಿಮಿಷ ಲೈಟ್ ಉರಿಸಿ. ಆಮೇಲೆ ಫ್ಯೂಸ್ ಹೋಲ್ಡರ್, ರಿಲೇ ಸಾಕೆಟ್, ಅರ್ತಿನ ಬೋಲ್ಟ್ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಅಲ್ಲಿ ಜೋಡಣೆ ಸಡಿಲ ಇದೆ. ಆ ಟರ್ಮಿನಲ್ ಕತ್ತರಿಸಿ ಹೊಸದು ಒತ್ತಿಸಿ.