ಪ್ರತಿಕ್ರಿಯೆ: ಎಳೆಯ ನಕ್ಷತ್ರಗಳಿಗೆ ಇನ್‌ಫ್ರಾರೆಡ್ ಯಾಕೆ?

ಕೊತ್ರೂಡ್‌ನ ತಾರಸಿಯಿಂದ ಒರಾಯನ್ ನೆಬ್ಯುಲಾ (ಎಳೆಯ ನಕ್ಷತ್ರಗಳು ಹುಟ್ಟುವ ಅನಿಲ-ದೂಳಿನ ಮೋಡ) ನೋಡಿದರೆ ನಡುವೆ ನಾಲ್ಕೇ ನಕ್ಷತ್ರ ಕಂಡವು, ಉಳಿದ ಸಾವಿರಾರು ಎಲ್ಲಿ ಅಂತ ಕೇಳಿದ್ದೀರಿ. ಸುಮ್ನೆ ಪುಣೆಯ ಬೀದಿ ದೀಪಗಳನ್ನು ಬೈಯಬೇಡಿ (ಅವೂ ಸ್ವಲ್ಪ ಕಾರಣ, ಬಿಡಿ). ಮುಖ್ಯ ತೊಂದರೆ ದೂಳಿನದು. ಕಣ್ಣಿಗೆ ಕಾಣುವ ಬೆಳಕನ್ನು ಹತ್ತು ಸಾವಿರ ಪಟ್ಟು ಮಂಕು ಮಾಡುವ ದೂಳು, 2.2 ಮೈಕ್ರಾನ್ ತರಂಗಾಂತರದ ಇನ್‌ಫ್ರಾರೆಡ್ ಬೆಳಕನ್ನು (ಕೆಂಪಿಗಿಂತ ಉದ್ದ ಅಲೆಯ, ಕಣ್ಣಿಗೆ ಕಾಣದ ಬೆಳಕು) ಎರಡೂವರೆ-ಮೂರು ಪಟ್ಟು ಮಾತ್ರ ಮಂಕು ಮಾಡುತ್ತದೆ. ಮಾಮೂಲಿ ಫೋಟೋದಲ್ಲಿ ಕಾಣದ ಒಂದು ಎಳೆಯ ನಕ್ಷತ್ರವನ್ನು ಒರಾಯನ್‌ನಲ್ಲೇ ಬೆಕ್ಲಿನ್ ಮತ್ತು ನ್ಯೂಗೆಬೌರ್ ಎಂಬ ಖಗೋಳ ವಿಜ್ಞಾನಿಗಳು ಹೀಗೆ ಪತ್ತೆ ಮಾಡಿದ್ದು, 1967ರಲ್ಲಿ ಪ್ರಕಟವಾಯಿತು.

ಆದರೆ ಕಂಡಿದ್ದೆಲ್ಲ ಎಳೆಯದಲ್ಲ. ಮೋಡದ ಹಿಂದಿರುವ ಮುದಿ ನಕ್ಷತ್ರವೂ ದೂಳಿನ ಮೂಲಕ ಬರುವಾಗ ಕೆಂಪಗೆ ಕಾಣುತ್ತದೆ ಅಲ್ವಾ? ಅದಕ್ಕೇ ಜೆ, ಎಚ್, ಕೆ ಅಂತ ಮೂರು ಇನ್‌ಫ್ರಾರೆಡ್ ಬ್ಯಾಂಡ್‌ಗಳಲ್ಲಿ (ತರಂಗಾಂತರದ ಪಟ್ಟಿಗಳು) ಹೊಳಪು ಅಳೆದು, ಜೆ-ಎಚ್ ಮತ್ತು ಎಚ್-ಕೆ ಬಣ್ಣಗಳನ್ನು, ಅಂದರೆ ಎರಡೆರಡು ಬ್ಯಾಂಡ್‌ಗಳ ಹೊಳಪಿನ ವ್ಯತ್ಯಾಸವನ್ನು, ಗ್ರಾಫ್ ಹಾಕುತ್ತಾರೆ (ಎಚ್-ಕೆ ಅಡ್ಡಕ್ಕೆ, ಜೆ-ಎಚ್ ಮೇಲಕ್ಕೆ). ಬರೀ ದೂಳಿನಿಂದ ಕೆಂಪಾದವು ಒಂದು ಓರೆ ಪಟ್ಟಿಯೊಳಗೇ ಜಾರುತ್ತವೆ. ಸುತ್ತ ಬಿಸಿ ದೂಳಿನ ತಟ್ಟೆ ಇರುವ ಎಳೆಯವು ಕೆ ಬ್ಯಾಂಡ್‌ನಲ್ಲಿ ಜಾಸ್ತಿ ಹೊಳೆದು ಪಟ್ಟಿಯ ಬಲಕ್ಕೆ ಹೋಗಿ ಕೂರುತ್ತವೆ. ನನಗಂತೂ ಇದು ಮೊದಲ ಸಲ ಅರ್ಥವಾದಾಗ ಭಾರಿ ಖುಷಿ ಆಗಿತ್ತು. ತಟ್ಟೆ ಕಳೆದುಕೊಂಡ ಎಳೆಯವು ಇದರಲ್ಲಿ ತಪ್ಪಿಸಿಕೊಳ್ಳುತ್ತವೆ, ಅವನ್ನು ಎಕ್ಸ್-ರೇಯಲ್ಲಿ ಹುಡುಕುತ್ತಾರೆ.

ಇದನ್ನು ನೀವೇ ಮಾಡಿ ನೋಡೋಕೆ ಟೆಲಿಸ್ಕೋಪ್ ಬೇಕಿಲ್ಲ. 1997ರಿಂದ 2001ರವರೆಗೆ ಇದೇ ಮೂರು ಬ್ಯಾಂಡ್‌ಗಳಲ್ಲಿ ಇಡೀ ಆಕಾಶ ಅಳೆದ ಟೂಮಾಸ್ (2MASS) ಸರ್ವೆಯ ಡೇಟಾ ಉಚಿತ. ಟಾಪ್‌ಕ್ಯಾಟ್ (TOPCAT) ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆದು ನೀವೇ ಗ್ರಾಫ್ ಹಾಕಿ. ಗೊಂದಲವಾದರೆ ನಿಮ್ಮೂರಲ್ಲೇ ಅಯುಕಾ (IUCAA) ಖಗೋಳ ಸಂಶೋಧನಾ ಕೇಂದ್ರ ಇದೆ, ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಹೋಗಿ ಕೇಳಿ.