ಮುಖವಾಡದ ಊರಿನಿಂದ ಬಂದ ಲೇಖನಕ್ಕೆ

ನಮಸ್ಕಾರ. ಸ್ವಿಟ್ಜರ್ಲೆಂಡಿನ ಬುರ್ಖಾ ನಿಷೇಧವನ್ನು ವಿರೋಧಿಸಿ ಅಲ್ಲಿನ ಬಾಸೆಲ್‌ನಿಂದ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊದಲ ಎರಡು ಪುಟ ಧಾರ್ಮಿಕ ಸ್ವಾತಂತ್ರ್ಯ ಅಂದರೆ ಏನು ಎಂಬುದಕ್ಕೇ ಹೋಯಿತು. ಗಾಂಧೀಜಿ ಬಂದರು, ವಚನ ಬಂತು, ನಮ್ಮ ಸಂವಿಧಾನದ 25ನೇ ವಿಧಿಯೂ ಬಂತು, ಬಾಸೆಲ್ ಮಾತ್ರ ಬರಲಿಲ್ಲ. ಮೂರನೇ ಪುಟಕ್ಕೆ ಉಡುಪಿಗೆ ಇಳಿದುಬಿಟ್ಟಿರಿ. ಅಲ್ಲಿ 2022ರಲ್ಲಿ ಗಲಾಟೆ ಆದದ್ದು ಕಾಲೇಜಿನ ತರಗತಿಯಲ್ಲಿ ತಲೆ ಮುಚ್ಚುವ ಹಿಜಾಬಿಗೆ. ಸ್ವಿಸ್ ಕಾನೂನು ಬೀದಿ, ಅಂಗಡಿ, ಹೋಟೆಲಿನಲ್ಲಿ ಮುಖ ಮುಚ್ಚುವುದನ್ನು ತಡೆಯುತ್ತದೆ, ತಲೆವಸ್ತ್ರದ ತಂಟೆಗೆ ಹೋಗುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ವಿಷಯ ಗೊತ್ತಿರುವ ಓದುಗರು ಅಲ್ಲಿಗೇ ನಿಲ್ಲಿಸುತ್ತಾರೆ.

ಇನ್ನೊಂದು ಕಡೆ ಸೀದಾ ತಪ್ಪೇ ಇದೆ. ಮುಖಪರದೆ ಹೆಣ್ಣಿಗೆ ಅವಮಾನ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು ಎಂದು ಅದರ ಮೇಲೆ ಹರಿಹಾಯ್ದಿದ್ದೀರಿ. ಅದು ಹಾಗೆ ಹೇಳಲೇ ಇಲ್ಲ. ಫ್ರಾನ್ಸಿನ ನಿಷೇಧವನ್ನು 2014ರಲ್ಲಿ ಎತ್ತಿಹಿಡಿದದ್ದು ನಿಜ. ಆದರೆ ಹೆಂಗಸರೇ ತಮಗೆ ಬೇಕು ಅನ್ನುವುದನ್ನು ಸಮಾನತೆಯ ಹೆಸರಲ್ಲಿ ಸರ್ಕಾರ ನಿಷೇಧಿಸುವಂತಿಲ್ಲ ಎಂದು ಆ ವಾದವನ್ನು ಪಕ್ಕಕ್ಕಿಟ್ಟು, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ 'ಕೂಡಿ ಬಾಳುವುದು' ಎಂಬ ಒಂದೇ ಎಳೆ ಹಿಡಿದು ಒಪ್ಪಿತು. ಎಷ್ಟು ತೆಳುವಾದ ಎಳೆ, ಅಲ್ವಾ? ನಿಮ್ಮ ಕೈಗೇ ಸಿಕ್ಕಿದ್ದ ವಾದವನ್ನು ನೀವೇ ಬಿಟ್ಟುಕೊಟ್ಟಿದ್ದೀರಿ.

'ನಿಷೇಧ ಕೇಳಿದವರೆಲ್ಲ ಮುಸ್ಲಿಂ ದ್ವೇಷಿಗಳು' ಎಂಬ ಸಾಲು ತೆಗೆಯಿರಿ. 2021ರ ಮಾರ್ಚಿನಲ್ಲಿ ಅಲ್ಲಿ ನಡೆದ ಜನಮತಗಣನೆಯಲ್ಲಿ ನೂರಕ್ಕೆ 51.2 ಮತ ನಿಷೇಧದ ಪರ ಬಿತ್ತು. ಟುನೀಶಿಯಾ ಮೂಲದ ಮುಸ್ಲಿಂ ಮಹಿಳೆ ಸೈದಾ ಕೆಲ್ಲರ್-ಮೆಸ್ಸಾಹ್ಲಿ ಕೂಡ ಪರವಾಗಿಯೇ ಮಾತಾಡಿದರು. ಅವರಿಗೆ ಉತ್ತರ ಕೊಡಿ, ಅದು ಕಷ್ಟದ ಕೆಲಸ. ಬೈಯುವುದು ಸುಲಭ. (ನಿಷೇಧದ ವಿಷಯದಲ್ಲಿ ನಾನೂ ನಿಮ್ಮ ಕಡೆಯವನೇ, ಅದಕ್ಕೇ ಜಾಸ್ತಿ ಸಿಟ್ಟು.)

ಏಳನೇ ಪುಟದಲ್ಲಿ ಒಂದು ಸಾಲು ಸುಮ್ನೆ ಬಂದು ಹೋಗುತ್ತದೆ: 'ಕಾರ್ನಿವಲ್ ದಿನ ಟ್ರಾಮಿನಲ್ಲಿ ಎದುರು ಕೂತ ಮೂವರಿಗೂ ಮುಖವಾಡ, ನನ್ನದೊಂದೇ ಬರಿ ಮುಖ.' ಇದನ್ನು ಇಷ್ಟು ಹಿಂದೆ ಯಾಕೆ ಅಡಗಿಸಿಟ್ಟಿರಿ ಮಾರಾಯ್ರೆ? ಕಾರ್ನಿವಲ್ ಹಬ್ಬಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಬೀದಿ ದೀಪ ಆರಿಸಿ, ತಮಟೆ ಬಾರಿಸಿಕೊಂಡು, ಮುಖವಾಡ ತೊಟ್ಟು ಊರಿಗೆ ಊರೇ ಬೀದಿಗಿಳಿಯುವ ಜಾಗದಲ್ಲಿದ್ದೀರಿ. 2025ರ ಜನವರಿ 1ರಿಂದ ಜಾರಿಗೆ ಬಂದ ಈ ಕಾನೂನು ಸ್ಥಳೀಯ ಸಂಪ್ರದಾಯಕ್ಕೆ, ಚಳಿಗೆ, ಆರೋಗ್ಯಕ್ಕೆ ವಿನಾಯಿತಿ ಕೊಟ್ಟಿದೆ. ಇಡೀ ದೇಶದಲ್ಲಿ ಕಣ್ಣಷ್ಟೇ ಕಾಣುವ ಮುಖಪರದೆ, ಅಂದರೆ ನಿಖಾಬ್ ಹಾಕುವವರು 21ರಿಂದ 37 ಮಂದಿ ಇರಬಹುದು ಅಂತ ಲೂಸರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಅಂದಾಜು ಮಾಡಿದ್ದರು. ಅಷ್ಟು ಹೆಂಗಸರಿಗಾಗಿ ದೇಶದ ಸಂವಿಧಾನವನ್ನೇ ತಿದ್ದಿದರು!

ಲೇಖನ ಆ ಟ್ರಾಮಿನಿಂದಲೇ ಶುರುವಾಗಲಿ. ಗಾಂಧೀಜಿ, ವಚನ, ಉಡುಪಿ ಬಿಡಿ, ಸಾವಿರ ಪದ ಸಾಕು. ಆ ಮೂವರು ಇಳಿಯುವಾಗ ಮುಖವಾಡ ತೆಗೆದರಾ, ಅಷ್ಟು ಹೊತ್ತು ನಿಮಗೆ ಹೆದರಿಕೆ ಆಯಿತಾ, ಅದನ್ನೂ ಬರೆದು ಕಳಿಸಿ.