ಮೊದಲ ಉಪ್ಪುನೀರಿನ ಅಕ್ವೇರಿಯಂಗೆ ಯಾವ ಮೀನುಗಳನ್ನು ಒಟ್ಟಿಗೆ ಬಿಡಬಹುದು?

100 ಲೀಟರ್ ಆಸುಪಾಸಿನ ತೊಟ್ಟಿಗೆ ಮೂರ್ನಾಲ್ಕು ಸಣ್ಣ ಮೀನು ಸಾಕು. ಒಂದು ಫೈರ್‌ಫಿಶ್, ಒಸೆಲ್ಲಾರಿಸ್ ಕ್ಲೌನ್‌ಫಿಶ್ ಜೋಡಿ, ಕೊನೆಗೊಂದು ರಾಯಲ್ ಗ್ರಾಮಾ ಸಾಮಾನ್ಯವಾಗಿ ಹೊಂದಿಕೊಂಡು ಹೋಗುತ್ತವೆ. ಕ್ಲೌನ್‌ಫಿಶ್ ಮರಿಗಳನ್ನೇ ತನ್ನಿ, ಒಂದು ಚಿಕ್ಕದು, ಇನ್ನೊಂದು ತುಸು ದೊಡ್ಡದು. ದೊಡ್ಡದು ಹೆಣ್ಣಾಗುತ್ತದೆ, ಚಿಕ್ಕದು ಅದರೆದುರು ಮೈ ನಡುಗಿಸಿ ಸೋಲೊಪ್ಪುತ್ತದೆ. ನೋಡಿ ಗಾಬರಿಯಾಗಬೇಡಿ, ಅದು ರೋಗವಲ್ಲ. ಫೈರ್‌ಫಿಶ್ ಮಹಾ ಪುಕ್ಕಲು, ಬೆದರಿದರೆ ತೊಟ್ಟಿಯಿಂದಲೇ ಹಾರುತ್ತದೆ. ಮೇಲೆ ಬಲೆ ಮುಚ್ಚಿ, ಅದನ್ನೇ ಮೊದಲು ಬಿಡಿ. ಗ್ರಾಮಾ ಮೊದಲು ಬಂದರೆ ಕಲ್ಲಿನ ಸಂದುಗಳನ್ನೆಲ್ಲ ತನ್ನದೆಂದು ಕಾಯುತ್ತದೆ.

ಹೊಸ ತೊಟ್ಟಿಯ ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯುವ ತನಕ ಯಾವ ಮೀನೂ ಬೇಡ. ಆಮೇಲೂ ಒಂದು ಬಗೆಯ ಮೀನು ಬಿಟ್ಟು ಇನ್ನೊಂದನ್ನು ಬಿಡಲು ಎರಡೆರಡು ವಾರ ಅಂತರವಿರಲಿ. ಬ್ಲೂ ಟ್ಯಾಂಗ್ ಮೀನು ಅಡಿಯುದ್ದ ಬೆಳೆಯುತ್ತದೆ, ಮರೆತುಬಿಡಿ. ಅಗ್ಗವೆಂದು ಡ್ಯಾಮ್ಸೆಲ್ ಮೀನು ತಂದರೆ ಉಳಿದವನ್ನು ಅಟ್ಟಾಡಿಸುತ್ತದೆ. ಹಿಡಿಯಲು ಹೋದರೆ ಕಲ್ಲನ್ನೆಲ್ಲ ಕೀಳಬೇಕಾದೀತು.